ಮಾರುವವರಿಲ್ಲದ ಅಂಗಡಿ: ಒಂದು ಸರ್ಕಾರಿ ಶಾಲೆಯ ‘ಪ್ರಾಮಾಣಿಕತೆಯ ಅಂಗಡಿ’ಯ ವಿಮರ್ಶೆ

ಚಿತ್ರದುರ್ಗ ಜಿಲ್ಲೆಯ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಜಗಲಿಯಲ್ಲಿ, ಮುಖ್ಯ ಶಿಕ್ಷಕಿಯವರ ಕೊಠಡಿಗೂ ಕುಡಿಯುವ ನೀರಿನ ತೊಟ್ಟಿಗೂ ನಡುವೆ, ಬಾಗಿಲು ಕಳಚಿದ ಹಳೆಯ ಬೀರುವೊಂದು ನಿಂತಿದೆ. ಅದರ ಮೂರು ಅಂಕಣಗಳಲ್ಲಿ ಪೆನ್ಸಿಲ್, ರಬ್ಬರ್, ಮೆಂಡರ್, ನೀಲಿ ಮತ್ತು ಕಪ್ಪು ಪೆನ್ನು, ಸ್ಕೇಲು, ಎರಡು ಗೆರೆ ಮತ್ತು ನಾಲ್ಕು ಗೆರೆ ಪುಸ್ತಕಗಳನ್ನು ಜೋಡಿಸಿಡಲಾಗಿದೆ. ಪಕ್ಕದಲ್ಲಿ ಮುಚ್ಚಳಕ್ಕೆ ಸೀಳು ಕೊರೆದ ಪ್ಲಾಸ್ಟಿಕ್ ಡಬ್ಬಿಯೊಂದು, ಅದರ ಕೆಳಗೆ ದಾರ ಕಟ್ಟಿದ ಒಂದು ಉದ್ದನೆಯ ಲೆಕ್ಕದ ಪುಸ್ತಕ ಇವೆ. ಮಾರುವವರು ಯಾರೂ ಇಲ್ಲ. ಬೇಕಾದ ವಸ್ತುವನ್ನು ಮಗುವೇ ತೆಗೆದುಕೊಂಡು, ಬೆಲೆ ನೋಡಿ, ಹಣವನ್ನು ಡಬ್ಬಿಗೆ ಹಾಕಬೇಕು. ಇಂತಹ ಅಂಗಡಿಗಳು ಕರ್ನಾಟಕದ ಹಲವು ಶಾಲೆಗಳಲ್ಲಿವೆ. ಕೇರಳದಲ್ಲಿಯೂ ಇವೆ, ಗುಜರಾತಿನ ಪ್ರಾಥಮಿಕ ಶಾಲೆಗಳಲ್ಲಿ ‘ರಾಮ್ ಹಾಟ್’ ಎಂಬ ಹೆಸರಿನಲ್ಲಿಯೂ ಇವೆ. ಪತ್ರಿಕೆಗಳಲ್ಲಿ ಇವುಗಳ ಬಗ್ಗೆ ಬರುವ ಸುದ್ದಿ ಸಾಮಾನ್ಯವಾಗಿ ಉದ್ಘಾಟನೆಯ ಫೋಟೋದೊಂದಿಗೆ ಆರಂಭವಾಗಿ ಅಲ್ಲಿಯೇ ಮುಗಿಯುತ್ತದೆ. ಉದ್ಘಾಟನೆಯಾಗಿ ಬಹಳ ಕಾಲವಾದ ಮೇಲೆ ಅಂಗಡಿ ಹೇಗೆ ನಡೆಯುತ್ತಿದೆ ಎಂಬುದನ್ನು ನೋಡುವ ಅವಕಾಶ ನನಗೆ ಸಿಕ್ಕಿದ್ದು ನನ್ನ ತಂಗಿಯ ಮಗಳು ಅದೇ ಶಾಲೆಯಲ್ಲಿ ನಾಲ್ಕನೆಯ ತರಗತಿಯಲ್ಲಿ ಓದುತ್ತಿರುವುದರಿಂದ.

ಮೊದಲು ಇದನ್ನು ಅಂಗಡಿಯಾಗಿಯೇ ನೋಡೋಣ. ಸರಕು ಚೆನ್ನಾಗಿದೆ. ತಾಲ್ಲೂಕು ಕೇಂದ್ರದ ಸಗಟು ಅಂಗಡಿಯಿಂದ ಡಜನ್ ಲೆಕ್ಕದಲ್ಲಿ ತರುವುದರಿಂದ ಊರಿನ ಕಿರಾಣಿ ಅಂಗಡಿಗಿಂತ ನೋಟ್‌ಪುಸ್ತಕ ಸ್ವಲ್ಪ ಅಗ್ಗವೇ ಆಗಿದೆ. ಬೆಲೆಗಳೆಲ್ಲ 5, 10, 25 ರೂಪಾಯಿಗಳಲ್ಲಿಯೇ ಇವೆ. ಮೂರು ರೂಪಾಯಿಯ ರಬ್ಬರನ್ನು ತರಿಸುವುದೇ ಇಲ್ಲ. ಇದು ಜಾಣ ನಿರ್ಧಾರ, ಏಕೆಂದರೆ ಮಾರುವವರಿಲ್ಲದ ಅಂಗಡಿಯಲ್ಲಿ ಚಿಲ್ಲರೆಯೇ ದೊಡ್ಡ ತೊಡಕು. ಹತ್ತು ರೂಪಾಯಿಯ ನೋಟು ಹಿಡಿದು ಬಂದ ಎಂಟು ವರ್ಷದ ಮಗು ಐದು ರೂಪಾಯಿಯ ಪೆನ್ಸಿಲ್ ತೆಗೆದುಕೊಂಡು ಉಳಿದ ಐದನ್ನು ಎಲ್ಲಿಂದ ಪಡೆಯಬೇಕು? ಈ ಶಾಲೆಯಲ್ಲಿ ಅದಕ್ಕಾಗಿ ಒಂದು ತಟ್ಟೆಯಲ್ಲಿ ಐದರ ನಾಣ್ಯಗಳನ್ನು ಬೇರೆಯಾಗಿ ಇಡುತ್ತಾರೆ. ತಟ್ಟೆ ಬರಿದಾದ ದಿನ ಮಗು ಎರಡು ಪೆನ್ಸಿಲ್ ಕೊಳ್ಳಬೇಕಾಗುತ್ತದೆ, ಇಲ್ಲವೇ ತನಗೆ ಬರಬೇಕಾದ ಹಣವನ್ನು ಪುಸ್ತಕದಲ್ಲಿ ಬರೆಯಬೇಕಾಗುತ್ತದೆ. ನಾಲ್ಕು ಗೆರೆ ಪುಸ್ತಕ ಆಗಾಗ ಮುಗಿದಿರುತ್ತದೆ ಎಂಬ ದೂರು ಮಕ್ಕಳಲ್ಲಿದೆ. ನಾನು ಹೋದಾಗಲೂ ಅದು ಇರಲಿಲ್ಲ. ತಿಂಡಿ, ಚಾಕೊಲೇಟ್‌ಗಳನ್ನು ಇಟ್ಟಿಲ್ಲ, ಅದು ಸರಿಯೂ ಹೌದು.

ಆದರೆ ಪೆನ್ಸಿಲ್ ಮಾರುವುದಕ್ಕಾಗಿ ಯಾರೂ ಶಾಲೆಯಲ್ಲಿ ಅಂಗಡಿ ಇಡುವುದಿಲ್ಲ. ತಾನು ಮಾಡಿದ್ದಕ್ಕೆ ತಾನೇ ಹೊಣೆ ಎಂಬುದನ್ನು ಮಗು ಕೈಯಾರೆ ಮಾಡಿ ಕಲಿಯಬೇಕು ಎಂಬುದು ಇದರ ಹಿಂದಿನ ಉದ್ದೇಶ. ಆ ಉದ್ದೇಶದಿಂದ ಅಳೆದರೆ, ನನ್ನ ಅಭಿಪ್ರಾಯದಲ್ಲಿ, ಈ ಅಂಗಡಿಯ ಅತ್ಯುತ್ತಮ ಸರಕು ಬೀರುವಿನಲ್ಲಿಲ್ಲ, ದಾರ ಕಟ್ಟಿದ ಆ ಬಾಕಿ ಪುಸ್ತಕದಲ್ಲಿದೆ. ಹಣವಿಲ್ಲದ ಮಗುವೂ ಇಲ್ಲಿ ಪೆನ್ಸಿಲ್ ತೆಗೆದುಕೊಳ್ಳಬಹುದು. ಅದಕ್ಕೆ ಅದು ಮಾಡಬೇಕಾದುದು ಇಷ್ಟೇ: ಪುಸ್ತಕದಲ್ಲಿ ತನ್ನ ಹೆಸರು, ತೆಗೆದುಕೊಂಡ ವಸ್ತು, ಹಣವನ್ನು ಯಾವ ದಿನ ಕೊಡುತ್ತೇನೆ ಎಂಬುದು, ಈ ಮೂರನ್ನು ತನ್ನದೇ ಅಕ್ಷರದಲ್ಲಿ ಬರೆಯಬೇಕು. ಹಣ ಹಾಕಿದ ದಿನ ಆ ಸಾಲನ್ನು ತಾನೇ ಹೊಡೆದುಹಾಕಬೇಕು. ಬೇರೆಯವರ ಸಾಲನ್ನು ಬರೆಯುವುದಕ್ಕಾಗಲಿ ಹೊಡೆಯುವುದಕ್ಕಾಗಲಿ ಶಿಕ್ಷಕರಿಗೂ ಅಧಿಕಾರವಿಲ್ಲ. ಕಾಗುಣಿತದ ತಪ್ಪುಗಳನ್ನು ಕೂಡ ತಿದ್ದುವುದಿಲ್ಲ. ‘ಸೋಮಾರ ಕೊಡುತಿನಿ’ ಎಂದು ಬರೆದದ್ದು ಹಾಗೆಯೇ ಉಳಿದಿದೆ.

ಈ ಪುಸ್ತಕದ ಪುಟಗಳನ್ನು ತಿರುವಿ ಹಾಕಿದರೆ ಮಕ್ಕಳು ಹೊಣೆಯನ್ನು ಹೇಗೆ ಹೊರುತ್ತಾರೆ ಎಂಬುದು ಕಾಣುತ್ತದೆ. ಆರಂಭದ ಪುಟಗಳಲ್ಲಿ ದಿನದ ಅಂಕಣದಲ್ಲೆಲ್ಲ ‘ನಾಳೆ’ ಎಂದಿದೆ. ಮಕ್ಕಳಿಗೆ ನಾಳೆ ಎಂಬುದು ದಿನವಲ್ಲ, ಆ ಕ್ಷಣದಿಂದ ತಪ್ಪಿಸಿಕೊಳ್ಳುವ ದಾರಿ. ಅದು ದೊಡ್ಡವರಿಗೂ ಹಾಗೆಯೇ ಎಂಬುದು ಬೇರೆ ಮಾತು. ನಂತರದ ಪುಟಗಳಲ್ಲಿ ‘ಶುಕ್ರವಾರ, ಸಂತೆ ದಿನ’, ‘ಅಪ್ಪ ಬಂದ ಮೇಲೆ’, ‘ಹಬ್ಬ ಆದ ಮೇಲೆ’ ಎಂಬಂತಹ ಮಾತುಗಳು ಬರತೊಡಗುತ್ತವೆ. ಮನೆಗೆ ಹಣ ಯಾವಾಗ ಬರುತ್ತದೆ, ತಾನು ಯಾವಾಗ ಕೇಳಿದರೆ ಸಿಗುತ್ತದೆ ಎಂದು ಯೋಚಿಸಿ ಕೊಟ್ಟ ಮಾತುಗಳು ಇವು. ಕೊಡಲಾಗದಿದ್ದರೆ ದಿನವನ್ನು ಬದಲಿಸಿ ಬರೆಯಬಹುದು, ಆದರೆ ಹಳೆಯದನ್ನು ಅಳಿಸುವಂತಿಲ್ಲ. ಒಬ್ಬ ಹುಡುಗನ ಒಂದೇ ಪೆನ್ನಿನ ಎದುರು ನಾಲ್ಕು ದಿನಾಂಕಗಳಿದ್ದು, ಕೊನೆಯದರ ಮೇಲೆ ಅಡ್ಡಗೆರೆ ಎಳೆದಿದೆ. ನೀತಿಪಾಠದ ಯಾವ ಪದ್ಯವೂ ಆ ಹುಡುಗನಿಗೆ ಇಷ್ಟನ್ನು ಕಲಿಸಿರಲಾರದು ಎಂದು ನನಗೆ ಅನ್ನಿಸಿತು.

ಎರಡನೆಯ ಒಳ್ಳೆಯ ಅಂಶ ಸಂಜೆಯ ಲೆಕ್ಕ. ಮಕ್ಕಳೇ ಚುನಾವಣೆ ನಡೆಸಿ ಆರಿಸಿಕೊಂಡ ಶಾಲಾ ಸಂಸತ್ತಿನ ಹಣಕಾಸು ಮಂತ್ರಿ, ಅಂದರೆ ಆರನೆಯ ತರಗತಿಯ ಒಬ್ಬ ಹುಡುಗಿ, ಇಬ್ಬರು ಸಹಾಯಕರೊಂದಿಗೆ ಕೊನೆಯ ಗಂಟೆಗೆ ಮೊದಲು ಸರಕು ಎಣಿಸಿ, ಡಬ್ಬಿಯ ಹಣ ಎಣಿಸಿ, ಬಾಕಿ ಪುಸ್ತಕವನ್ನು ಕೂಡಿಸಿ, ಮೂರನ್ನೂ ತಾಳೆ ನೋಡುತ್ತಾಳೆ. ತಾಳೆಯಾಗದಿದ್ದಾಗ ಏನಾಗುತ್ತದೆ ಎಂಬುದೇ ಇಂತಹ ಅಂಗಡಿಯ ನಿಜವಾದ ಪರೀಕ್ಷೆ. ಇಂಡೋನೇಷ್ಯಾದಲ್ಲಿ 2008ರ ಹೊತ್ತಿಗೆ ಅಲ್ಲಿನ ಅಟಾರ್ನಿ ಜನರಲ್ ಕಚೇರಿಯೇ ಮುಂದೆ ನಿಂತು, ಭ್ರಷ್ಟಾಚಾರದ ವಿರುದ್ಧದ ಪಾಠವೆಂದು ಸಾವಿರಾರು ಶಾಲೆಗಳಲ್ಲಿ ‘ಪ್ರಾಮಾಣಿಕತೆಯ ಕ್ಯಾಂಟೀನ್’ಗಳನ್ನು ತೆರೆಸಿತು. ಅವುಗಳಲ್ಲಿ ಅನೇಕವು ನಷ್ಟ ತಾಳಲಾರದೆ ಮುಚ್ಚಿದವು. ಡಬ್ಬಿ ಇಟ್ಟು ನಂಬಿದರೆ ಸಾಕು, ಮಕ್ಕಳು ಪ್ರಾಮಾಣಿಕರಾಗುತ್ತಾರೆ ಎಂಬ ಎಣಿಕೆ ಹುಸಿಯಾಗುವುದು ಆಶ್ಚರ್ಯವೇನಲ್ಲ. ಕಡಿಮೆ ಬಿದ್ದದ್ದನ್ನು ಕುರಿತು ಮಕ್ಕಳೊಡನೆ ಕೂತು ಮಾತನಾಡುವ ವ್ಯವಸ್ಥೆ ಇಲ್ಲದಿದ್ದರೆ ಅಂಗಡಿ ಬರೀ ಆಮಿಷವಾಗಿಬಿಡುತ್ತದೆ.

ಈ ಶಾಲೆಯಲ್ಲಿ ಆ ಮಾತುಕತೆಗೆ ಒಂದು ಕ್ರಮವಿದೆ. ಮರುದಿನದ ಪ್ರಾರ್ಥನೆಯಲ್ಲಿ ‘ಯಾರು ತೆಗೆದದ್ದು?’ ಎಂದು ಕೇಳುವುದಿಲ್ಲ. ಹದಿನೈದು ರೂಪಾಯಿ ತಾಳೆಯಾಗಿಲ್ಲ, ಬರೆಯಲು ಮರೆತವರಿದ್ದರೆ ಇಂದು ಬರೆಯಬಹುದು ಎಂದಷ್ಟೇ ಮಂತ್ರಿ ಹೇಳುತ್ತಾಳೆ. ತಂಗಿಯ ಮಗಳ ಮಾತಿನಲ್ಲಿ ಹೇಳುವುದಾದರೆ, “ದೊಡ್ಡಮ್ಮ, ಆಮೇಲೆ ಬರೆದ್ರೂ ಮಿಸ್ ಏನೂ ಅನ್ನಲ್ಲ. ಬರೆದಿಲ್ಲ ಅಂದ್ರೇನೇ ಒಂಥರಾ ಆಗೋದು.” ಒಪ್ಪಿಕೊಂಡವರಿಗೆ ಬೈಗುಳ ಬೀಳುವ ಕಡೆ ಮಕ್ಕಳು ಒಪ್ಪಿಕೊಳ್ಳುವುದನ್ನು ಬಿಟ್ಟು ಸುಳ್ಳನ್ನು ನಯಗೊಳಿಸುವುದನ್ನು ಕಲಿಯುತ್ತಾರೆ ಎಂಬುದು ಶಾಲೆಗಳನ್ನು ಬಲ್ಲವರಿಗೆಲ್ಲ ಗೊತ್ತಿರುವ ವಿಷಯ. ಅದಿರಲಿ, 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಸೆಕ್ಷನ್ ದೈಹಿಕ ಶಿಕ್ಷೆಯನ್ನಷ್ಟೇ ಅಲ್ಲ, ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಸಾಲಿನಲ್ಲಿ ನಿಲ್ಲಿಸಿ ಚೀಲ ತಪಾಸಣೆ ಮಾಡಿ ಒಬ್ಬ ಮಗುವನ್ನು ಕಳ್ಳನೆಂದು ಕರೆಯುವುದು ಅದರ ಮನಸ್ಸಿಗೆ ಕೊಡುವ ಹಿಂಸೆಯಲ್ಲದೆ ಬೇರೇನಲ್ಲ.

ವಯಸ್ಸಿನ ವಿಷಯದಲ್ಲಿ ನನಗೆ ಒಂದು ಆಕ್ಷೇಪವಿದೆ. ಅಂಗಡಿ ಒಂದನೆಯ ತರಗತಿಯಿಂದ ಏಳನೆಯ ತರಗತಿಯವರೆಗೆ ಎಲ್ಲರಿಗೂ ಒಂದೇ ನಿಯಮದಲ್ಲಿ ತೆರೆದಿದೆ. ಸ್ವಿಸ್ ಮನಶ್ಶಾಸ್ತ್ರಜ್ಞ ಜಾನ್ ಪಿಯಾಜೆ 1932ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಕ್ಕಳಿಗೆ ಎರಡು ಕಥೆಗಳನ್ನು ಹೇಳಿದ್ದರು. ಊಟಕ್ಕೆ ಕರೆದರೆಂದು ಬಾಗಿಲು ತೆರೆದ ಹುಡುಗನೊಬ್ಬ, ಅದರ ಹಿಂದೆ ತಟ್ಟೆಯಲ್ಲಿದ್ದ 15 ಬಟ್ಟಲುಗಳನ್ನು ಅರಿಯದೆ ಒಡೆಯುತ್ತಾನೆ. ಇನ್ನೊಬ್ಬ ತಾಯಿ ಇಲ್ಲದಾಗ ಜಾಮ್ ಕದಿಯಲು ಹೋಗಿ ಒಂದು ಬಟ್ಟಲು ಒಡೆಯುತ್ತಾನೆ. ಚಿಕ್ಕ ಮಕ್ಕಳಲ್ಲಿ ಬಹಳ ಮಂದಿ ಹದಿನೈದು ಒಡೆದವನೇ ದೊಡ್ಡ ತಪ್ಪಿತಸ್ಥ ಎಂದರು. ದೊಡ್ಡ ಮಕ್ಕಳು ಉದ್ದೇಶವನ್ನು ನೋಡಿ ತೀರ್ಪು ಕೊಟ್ಟರು. ಇದೇ ಭೇದವನ್ನು ಈ ಜಗಲಿಯಲ್ಲಿಯೂ ಕಾಣಬಹುದು. ಬೀರು ಒರೆಸುವಾಗ ಮೆಂಡರ್‌ಗಳ ಡಬ್ಬಿಯನ್ನು ಕೆಡವಿ ಒಡೆದ ಹುಡುಗನನ್ನು ಎರಡನೆಯ ತರಗತಿಯವರು ಇಂದಿಗೂ ಅಂಗಡಿಯ ದೊಡ್ಡ ಅಪರಾಧಿ ಎಂದೇ ಹೇಳುತ್ತಾರೆ, ಆದರೆ ಆರನೆಯ ತರಗತಿಯವರು ಅವನು ಒರೆಸಲು ಬಂದದ್ದನ್ನು ಮೊದಲು ಹೇಳುತ್ತಾರೆ. ನಮ್ಮ ಕಾನೂನು ಕೂಡ ಈ ಭೇದವನ್ನು ಒಪ್ಪಿದೆ. ಭಾರತೀಯ ನ್ಯಾಯ ಸಂಹಿತೆಯ ಪ್ರಕಾರ ಏಳು ವರ್ಷದೊಳಗಿನ ಮಗು ಮಾಡಿದ್ದು ಯಾವುದೂ ಅಪರಾಧವಲ್ಲ. ಏಳರಿಂದ ಹನ್ನೆರಡರವರೆಗೆ, ತನ್ನ ಕೃತ್ಯವನ್ನು ಅರಿಯುವಷ್ಟು ಪಕ್ವತೆ ಮಗುವಿಗೆ ಬಂದಿತ್ತೇ ಎಂಬುದನ್ನು ನೋಡಬೇಕು. ಹೀಗಿರುವಾಗ ಐದು ರೂಪಾಯಿಗೂ ಹತ್ತಕ್ಕೂ ಇನ್ನೂ ತಡಕಾಡುವ ನಲಿಕಲಿ (ಒಂದರಿಂದ ಮೂರನೆಯ ತರಗತಿಯ) ಮಕ್ಕಳನ್ನು ಏಳನೆಯ ತರಗತಿಯವರ ಜೊತೆ ಒಂದೇ ಡಬ್ಬಿಯ ಮುಂದೆ ನಿಲ್ಲಿಸುವುದು ನ್ಯಾಯವಲ್ಲ. ಮೂರನೆಯ ತರಗತಿಯವರೆಗೆ ಮಗುವಿನ ಜೊತೆ ದೊಡ್ಡ ತರಗತಿಯ ಅಕ್ಕನೋ ಅಣ್ಣನೋ ಬರುವಂತೆ ಮಾಡಿದರೆ ಈ ಕೊರತೆ ನೀಗುತ್ತದೆ.

ಇದಕ್ಕಿಂತ ದೊಡ್ಡ ದೋಷ ದಂಡದ ನಿಯಮದಲ್ಲಿದೆ. ತಿಂಗಳ ಕೊನೆಗೂ ತಾಳೆಯಾಗದ ಹಣವನ್ನು ಎಲ್ಲ ತರಗತಿಗಳಿಗೂ ಹಂಚಿ ವಸೂಲು ಮಾಡುತ್ತಾರೆ. ಒಬ್ಬೊಬ್ಬರ ಪಾಲಿಗೆ ಬರುವುದು ಒಂದು ರೂಪಾಯಿಯೂ ಅಲ್ಲ. ‘ಎಲ್ಲರ ಅಂಗಡಿ, ಎಲ್ಲರ ನಷ್ಟ’ ಎಂಬುದು ಶಾಲೆಯವರ ವಾದ. ಕೇಳುವುದಕ್ಕೆ ಚೆನ್ನಾಗಿದ್ದರೂ ಇದು ಅಂಗಡಿಯ ಉದ್ದೇಶವನ್ನೇ ಬುಡಮೇಲು ಮಾಡುತ್ತದೆ. ತಾನು ತೆಗೆದುಕೊಂಡದ್ದಕ್ಕೆ ತಾನು ಹೊಣೆ ಎಂಬುದನ್ನು ಬಾಕಿ ಪುಸ್ತಕ ಎಷ್ಟು ಶ್ರಮಪಟ್ಟು ಕಲಿಸಿತೋ, ಅದನ್ನು ಈ ವಂತಿಗೆ ಒಂದೇ ಬೆಳಗ್ಗೆ ಅಳಿಸಿಹಾಕುತ್ತದೆ. ಇಸ್ರೇಲಿನ ಹೈಫಾ ನಗರದ 10 ಶಿಶುವಿಹಾರಗಳಲ್ಲಿ ನಡೆದು 2000ದಲ್ಲಿ ಪ್ರಕಟವಾದ ಒಂದು ಅಧ್ಯಯನ ಇಲ್ಲಿ ನೆನಪಾಗುತ್ತದೆ. ಸಂಜೆ ಮಕ್ಕಳನ್ನು ಕರೆದೊಯ್ಯಲು ತಡವಾಗಿ ಬರುವ ಪೋಷಕರಿಗೆ ಅವುಗಳಲ್ಲಿ ಆರು ಕಡೆ ಸಣ್ಣ ದಂಡ ವಿಧಿಸಿದರು. ತಡವಾಗಿ ಬರುವವರ ಸಂಖ್ಯೆ ಕಡಿಮೆಯಾಗುವ ಬದಲು ಏರಿತು. ದಂಡವನ್ನು ತೆಗೆದುಹಾಕಿದ ಮೇಲೂ ಇಳಿಯಲಿಲ್ಲ. ಶಿಕ್ಷಕಿಯನ್ನು ಕಾಯಿಸುತ್ತಿದ್ದೇನಲ್ಲ ಎಂಬ ಸಂಕೋಚ ಇದ್ದ ಜಾಗಕ್ಕೆ ಹಣ ಕೊಟ್ಟಿದ್ದೇನಲ್ಲ ಎಂಬ ಸಮಾಧಾನ ಬಂದು ಕೂತಿತ್ತು. ಇಲ್ಲಿಯೂ ಬರೆಯದೆ ಪೆನ್ನು ತೆಗೆದುಕೊಂಡ ಮಗುವಿಗೆ ಎಂಬತ್ತು ಪೈಸೆಯಲ್ಲಿ ಬಿಡುಗಡೆ ಸಿಗುತ್ತದೆ, ಬರೆದು ಕೊಟ್ಟ ಮಗುವೂ ಅದೇ ಎಂಬತ್ತು ಪೈಸೆ ತೆರುತ್ತದೆ. ನಷ್ಟವನ್ನು ನಷ್ಟವೆಂದೇ ಪುಸ್ತಕದಲ್ಲಿ ಉಳಿಸಿ, ಅದರ ಪರಿಣಾಮವನ್ನು ಮಕ್ಕಳು ಕಾಣುವಂತೆ ಮಾಡುವುದು ಮೇಲು: ಈ ತಿಂಗಳು ಹಣ ಸಾಲದ್ದರಿಂದ ಬಣ್ಣದ ಪೆನ್ಸಿಲ್ ತರಿಸಲಾಗಲಿಲ್ಲ ಎಂದು ಫಲಕದಲ್ಲಿ ಬರೆದರೆ ಸಾಕು.

ಪ್ರಶಸ್ತಿಪತ್ರದ ಬಗ್ಗೆಯೂ ಇದನ್ನೇ ಹೇಳಬೇಕು. ತಿಂಗಳಿಗೊಮ್ಮೆ ಶನಿವಾರ ‘ಪ್ರಾಮಾಣಿಕ ವಿದ್ಯಾರ್ಥಿ’ಯನ್ನು ಆರಿಸಿ, ಪ್ರಮಾಣಪತ್ರ ಕೊಟ್ಟು, ಫೋಟೋ ತೆಗೆದು ಪೋಷಕರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುತ್ತಾರೆ. 1973ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಲೆಪ್ಪರ್, ಗ್ರೀನ್ ಮತ್ತು ನಿಸ್ಬೆಟ್ ಅವರು ಚಿತ್ರ ಬಿಡಿಸಲು ಇಷ್ಟಪಡುತ್ತಿದ್ದ ಶಿಶುವಿಹಾರದ ಮಕ್ಕಳಲ್ಲಿ ಕೆಲವರಿಗೆ, ಬಿಡಿಸಿದರೆ ನಕ್ಷತ್ರ ಮತ್ತು ರಿಬ್ಬನ್ ಇರುವ ಪ್ರಮಾಣಪತ್ರ ಕೊಡುತ್ತೇವೆ ಎಂದು ಮೊದಲೇ ಹೇಳಿದ್ದರು. ಕೆಲವು ದಿನಗಳ ನಂತರ ನೋಡಿದಾಗ, ಆ ಮಕ್ಕಳು ತಾವಾಗಿಯೇ ಚಿತ್ರ ಬಿಡಿಸಲು ಕೂರುವ ಸಮಯ ಉಳಿದವರಿಗಿಂತ ಬಹಳ ಕಡಿಮೆಯಾಗಿತ್ತು. ಹೇಳದೆ ಕೊಟ್ಟ ಬಹುಮಾನ ಹಾಗೆ ಮಾಡಲಿಲ್ಲ. ಚಿತ್ರಕಲೆಗೇ ಹೀಗಾದರೆ, ಯಾರೂ ನೋಡದಾಗ ಮಾಡಬೇಕಾದ ಕೆಲಸಕ್ಕೆ ವೇದಿಕೆಯ ಮೇಲೆ ಚಪ್ಪಾಳೆ ಹೊಂದುವುದಾದರೂ ಹೇಗೆ? ಅಷ್ಟೇ ಅಲ್ಲ, ಒಂದು ಮಗು ಪ್ರಾಮಾಣಿಕ ಎಂದು ಘೋಷಿಸಿದಾಗ ಉಳಿದವರ ಮೇಲೆ ಹೇಳದೆಯೇ ಒಂದು ಗುಮಾನಿ ಬಿದ್ದಂತಾಗುತ್ತದೆ.

ಬೀರುವಿನ ಮೇಲಿನ ಗೋಡೆಯಲ್ಲಿ ದೊಡ್ಡ ಅಕ್ಷರಗಳಲ್ಲಿ ‘ದೇವರು ನೋಡುತ್ತಿದ್ದಾನೆ’ ಎಂದು ಬರೆಸಿ, ಎರಡು ಕಣ್ಣುಗಳನ್ನು ಚಿತ್ರಿಸಿದ್ದಾರೆ. ಕಣ್ಣಿನ ಚಿತ್ರಕ್ಕೆ ಪರಿಣಾಮವಿಲ್ಲವೆಂದಲ್ಲ. ಬ್ರಿಟನ್ನಿನ ನ್ಯೂಕಾಸಲ್ ವಿಶ್ವವಿದ್ಯಾಲಯದ ಕಾಫಿ ಕೋಣೆಯಲ್ಲಿ, ಹೂವಿನ ಚಿತ್ರ ಹಾಕಿದ ವಾರಗಳಿಗಿಂತ ಕಣ್ಣಿನ ಚಿತ್ರ ಹಾಕಿದ ವಾರಗಳಲ್ಲಿ ಹಣದ ಡಬ್ಬಿಗೆ ಸುಮಾರು 3 ಪಟ್ಟು ಹಣ ಬಿದ್ದಿತ್ತೆಂದು 2006ರಲ್ಲಿ ವರದಿಯಾಗಿತ್ತು. ನಂತರ ಬೇರೆಡೆ ನಡೆದ ಪ್ರಯೋಗಗಳಲ್ಲಿ ಇಂತಹ ಫಲ ಒಂದೇ ತೆರನಾಗಿ ಕಾಣಲಿಲ್ಲ. ಫಲ ಬಂದರೂ ಅದು ಡಬ್ಬಿಗೆ ಲಾಭವೇ ಹೊರತು ಮಗುವಿಗಲ್ಲ. ಕಾಯುವವರಿಲ್ಲದ ಅಂಗಡಿಗೆ ಕಾವಲುಗಾರನನ್ನು ಬಣ್ಣದಲ್ಲಿ ಬಿಡಿಸುವುದಾದರೆ ಕಿರಾಣಿ ಅಂಗಡಿಯೇ ಸಾಕಿತ್ತು. ಪೋಷಕರೊಬ್ಬರು ಸಿಸಿಟಿವಿ ಕ್ಯಾಮೆರಾವನ್ನು ದಾನ ಕೊಡಲು ಮುಂದೆ ಬಂದಿದ್ದರಂತೆ. ಶಾಲೆಯ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯವರು (ಎಸ್‌ಡಿಎಂಸಿ) ಬೇಡವೆಂದದ್ದು ಮೆಚ್ಚಬೇಕಾದ ನಿರ್ಧಾರ. ಆ ಕಣ್ಣುಗಳ ಮೇಲೆಯೂ ಒಂದು ಕೈ ಸುಣ್ಣ ಬಳಿಸಿದರೆ ಒಳ್ಳೆಯದು.

ಹಣವಿಲ್ಲದ ಮಕ್ಕಳ ವಿಷಯವನ್ನು ಶಾಲೆ ಸೂಕ್ಷ್ಮವಾಗಿ ನಿಭಾಯಿಸಿದೆ. ಸರ್ಕಾರಿ ಶಾಲೆಯ ಮಗುವಿಗೆ ಪಠ್ಯಪುಸ್ತಕ, ಸಮವಸ್ತ್ರ, ಶೂ, ಹಾಲು, ಬಿಸಿಯೂಟ ಸರ್ಕಾರದಿಂದ ಬರುತ್ತವೆ. ಪೆನ್ಸಿಲ್, ಪೆನ್ನಿನಂತಹವನ್ನು ಮನೆಯವರೇ ಕೊಡಿಸಬೇಕು. ಕೂಲಿ ಅರಸಿ ಬೆಂಗಳೂರಿಗೆ ಹೋದ ತಂದೆತಾಯಿ ಅಜ್ಜಿಯ ಬಳಿ ಬಿಟ್ಟ ಮಗುವಿಗೆ ಆ ಐದು ರೂಪಾಯಿಯೂ ಸುಲಭವಲ್ಲ. ಅಂಥವರಿಗಾಗಿ ಬೀರುವಿನ ಕೆಳಗಿನ ಅಂಕಣದಲ್ಲಿ, ಅರ್ಧ ಮುಗಿದ ಪೆನ್ಸಿಲ್ಲುಗಳು ಮತ್ತು ಹಳೆಯ ಪುಸ್ತಕಗಳ ಉಳಿದ ಹಾಳೆಗಳನ್ನು ಹೊಲಿದು ಮಾಡಿದ ಪುಸ್ತಕಗಳಿರುವ ಒಂದು ರಟ್ಟಿನ ಪೆಟ್ಟಿಗೆ ಇದೆ. ಅದರಿಂದ ತೆಗೆದುಕೊಳ್ಳಲು ಹಣವೂ ಬೇಡ, ಬರೆಯುವುದೂ ಬೇಡ. ಕೊಳ್ಳಲಾರದ್ದಕ್ಕೂ ಕದಿಯುವುದಕ್ಕೂ ನಡುವೆ ಮಗುವಿಗೆ ಒಂದು ಮರ್ಯಾದೆಯ ದಾರಿ ತೆರೆದಿಟ್ಟ ಮೇಲೆಯೇ ಹೊಣೆಯ ಮಾತನ್ನು ಆಡಬಹುದು. ಬೇರೆ ಕಡೆಗಳಲ್ಲಿ ಇಂತಹ ಅಂಗಡಿ ತೆರೆಯುವವರು ಈ ಪೆಟ್ಟಿಗೆಯನ್ನು ಮರೆಯದಿರಲಿ.

ಪೋಷಕರಿಂದ ಆಗುವ ತೊಂದರೆ ಇನ್ನೊಂದು ಬಗೆಯದು. ಮಗುವಿನ ಬಾಕಿ ತಿಳಿದ ಕೂಡಲೇ ತಾಯಿಯೋ ತಂದೆಯೋ ಶಾಲೆಗೆ ಬಂದು, “ಎಷ್ಟಾಗಿದೆ ಮಿಸ್, ನಾನೇ ಕೊಡ್ತೀನಿ” ಎಂದು ಚುಕ್ತಾ ಮಾಡಿ ಹೋಗುತ್ತಾರೆ. ಮನೆಯ ಮರ್ಯಾದೆಯ ಪ್ರಶ್ನೆ ಎಂದು ಅವರಿಗೆ ಅನ್ನಿಸುವುದು ಸಹಜ. ಆದರೆ ಮಗು ತಾನೇ ಕೇಳಿ, ತಾನೇ ತಂದು, ತಾನೇ ಗೆರೆ ಎಳೆಯಬೇಕಾದ ಸಾಲು ಹಾಗೆ ಕೈತಪ್ಪಿ ಹೋಗುತ್ತದೆ. ಈಗ ಶಾಲೆಯವರು ದೊಡ್ಡವರಿಂದ ಹಣ ತೆಗೆದುಕೊಳ್ಳುವುದನ್ನೇ ನಿಲ್ಲಿಸಿ, ಮಗುವಿನ ಕೈಯಲ್ಲಿಯೇ ಕೊಟ್ಟುಕಳಿಸಿ ಎನ್ನುತ್ತಾರೆ. ಇನ್ನು ಕೆಲವರು ಬಾಕಿ ಬರೆದದ್ದಕ್ಕೆ ಮಗುವನ್ನು ಮನೆಯಲ್ಲಿ ಹೊಡೆದದ್ದೂ ಉಂಟು. ಆ ಮನೆಗಳ ಮಕ್ಕಳ ಹೆಸರು ನಂತರ ಪುಸ್ತಕದಲ್ಲಿ ಕಾಣಿಸಿಕೊಳ್ಳುವುದಿಲ್ಲ ಎಂದು ಶಿಕ್ಷಕಿಯೊಬ್ಬರು ಹೇಳಿದರು. ಪೋಷಕರ ಸಭೆಯಲ್ಲಿ ಅಂಗಡಿಯ ವಿಷಯಕ್ಕೆ ಹತ್ತು ನಿಮಿಷ ಮೀಸಲಿಡದಿದ್ದರೆ ಶಾಲೆಯಲ್ಲಿ ಕಟ್ಟಿದ್ದು ಮನೆಯಲ್ಲಿ ಕುಸಿಯುತ್ತದೆ.

ಅಂಕ ಕೊಡಲೇಬೇಕೆಂದರೆ ಐದಕ್ಕೆ ಮೂರೂವರೆ ಕೊಡುತ್ತೇನೆ. ಬಾಕಿ ಪುಸ್ತಕ, ಸಂಜೆಯ ಲೆಕ್ಕ ಮತ್ತು ರಟ್ಟಿನ ಪೆಟ್ಟಿಗೆಗಳಿಗೆ ಆ ಅಂಕಗಳು ಸಲ್ಲಬೇಕು. ಕಳೆದದ್ದು ಹಂಚಿಕೆಯ ದಂಡಕ್ಕೆ, ಪ್ರಶಸ್ತಿಪತ್ರಕ್ಕೆ, ಗೋಡೆಯ ಕಣ್ಣುಗಳಿಗೆ. ಹಲವು ಶಾಲೆಗಳಲ್ಲಿ ನಡೆಯುವ ಮಕ್ಕಳ ಸಂತೆಗಿಂತ ಇದು ಹೆಚ್ಚು ಉಪಯುಕ್ತವೆಂದೇ ನನ್ನ ಅಭಿಪ್ರಾಯ. ಸಂತೆ ವರ್ಷಕ್ಕೊಮ್ಮೆ ನಡೆದು ಮುಗಿಯುತ್ತದೆ, ಸೊಪ್ಪು ತರಕಾರಿಯನ್ನು ಮನೆಯವರೇ ಕಟ್ಟಿಕೊಟ್ಟಿರುತ್ತಾರೆ, ನಷ್ಟವಾದರೆ ಯಾರೂ ಕೇಳುವುದಿಲ್ಲ.

ತಮ್ಮ ಊರಿನ ಶಾಲೆಯಲ್ಲಿ ಇಂತಹದನ್ನು ಆರಂಭಿಸಬೇಕೆನ್ನುವವರಿಗೆ ದೊಡ್ಡ ಬಂಡವಾಳವೇನೂ ಬೇಕಾಗಿಲ್ಲ. ಎರಡು ಸಾವಿರ ರೂಪಾಯಿಯ ಸರಕಿನಲ್ಲಿ ಸಣ್ಣ ಶಾಲೆಯೊಂದರ ಅಂಗಡಿ ಆರಂಭವಾಗಬಲ್ಲದು. ಅದನ್ನು ಹಳೆಯ ವಿದ್ಯಾರ್ಥಿಗಳಿಂದಲೋ ಎಸ್‌ಡಿಎಂಸಿಯಿಂದಲೋ ಪಡೆಯಬಹುದು. ಜೂನ್ ತಿಂಗಳ ದಾಖಲಾತಿಯ ಗದ್ದಲ ಮುಗಿದು, ಶಾಲಾ ಸಂಸತ್ತಿನ ಚುನಾವಣೆ ಆದ ಮೇಲೆ ತೆರೆಯುವುದು ಒಳ್ಳೆಯದು, ಏಕೆಂದರೆ ಲೆಕ್ಕ ನೋಡಲು ಮಂತ್ರಿ ಬೇಕು. ಮೊದಲ ಕೆಲವು ವಾರಗಳಲ್ಲಿ ಹಣ ಕಡಿಮೆ ಬಿದ್ದೇ ಬೀಳುತ್ತದೆ ಎಂಬುದನ್ನು ಹಣ ಕೊಟ್ಟವರಿಗೆ ಮೊದಲೇ ತಿಳಿಸಿ. ಬೀರು, ಡಬ್ಬಿಗಳನ್ನು ಆಮೇಲೆ ಹುಡುಕಿಕೊಳ್ಳಬಹುದು. ಉದ್ದನೆಯ ಲೆಕ್ಕದ ಪುಸ್ತಕ ಮತ್ತು ದಾರ ಕಟ್ಟಿದ ಪೆನ್ನನ್ನು ಮಾತ್ರ ಮೊದಲು ಕೊಂಡುಕೊಳ್ಳಿ.